ಕೆಲಸ ಬದಲಾದಾಗ ಆರೋಗ್ಯ ವಿಮೆ ಕೈತಪ್ಪದಿರಲಿ: ಶುಗರ್, ಬಿಪಿ, ಕಿಡ್ನಿ ತೊಂದರೆ ಇರುವವರಿಗೆ

ಬೆಂಗಳೂರಿನಲ್ಲಿರುವ ಮಗನ ಕಂಪನಿ ಇನ್ಶೂರೆನ್ಸಿನಲ್ಲಿ ಹಾಸನದಲ್ಲೋ ಹಾವೇರಿಯಲ್ಲೋ ಇರುವ ಅಪ್ಪ ಅಮ್ಮನ ಹೆಸರೂ ಇರುತ್ತದೆ. ಅಪ್ಪನಿಗೆ ಶುಗರ್, ಅಮ್ಮನಿಗೆ ಬಿಪಿ, ಥೈರಾಯ್ಡ್. ಆಸ್ಪತ್ರೆಯಲ್ಲಿ ಕಾರ್ಡು ತೋರಿಸಿದರೆ ಕ್ಯಾಶ್‌ಲೆಸ್ ಆಗುತ್ತದೆ. ಹಾಗಾಗಿ ಬೇರೆ ಪಾಲಿಸಿ ಮಾಡಿಸುವ ಯೋಚನೆಯೇ ಯಾರಿಗೂ ಬಂದಿರುವುದಿಲ್ಲ. ಒಂದು ದಿನ ಮಗ ಕೆಲಸ ಬದಲಾಯಿಸುತ್ತಾನೆ. ಹೊಸ ಕಂಪನಿ ಹೆಂಡತಿ ಮಕ್ಕಳಿಗೆ ಮಾತ್ರ ಕವರ್ ಕೊಡುತ್ತದೆ. 66 ವರ್ಷದ, ಹಳೇ ಶುಗರ್ ಇರುವ ಅಪ್ಪನಿಗೆ ಹೊಸದಾಗಿ ಪಾಲಿಸಿ ಹುಡುಕುವ ಪರದಾಟ ಆಗ ಶುರುವಾಗುತ್ತದೆ.

ಲೇ-ಆಫ್ ಆದಾಗ, ನಿವೃತ್ತಿ ಆದಾಗ, ಸಂಬಳ ಏರಿ ಇಎಸ್‌ಐ (ಕಡಿಮೆ ಸಂಬಳದ ನೌಕರರಿಗಿರುವ ಸರ್ಕಾರಿ ವಿಮೆ) ತಪ್ಪಿದಾಗ, ಬಿಪಿಎಲ್ ಕಾರ್ಡು ಎಪಿಎಲ್ ಆದಾಗ, ಮಗನಿಗೆ 25 ತುಂಬಿ ಮನೆಯ ಪಾಲಿಸಿಯಿಂದ ಹೊರಬಿದ್ದಾಗ ಕೂಡ ಇದೇ ಕಥೆ. ಆರೋಗ್ಯವಾಗಿ ಇರುವವರಿಗೆ ಇದೊಂದು ಸಣ್ಣ ಕಿರಿಕಿರಿ ಅಷ್ಟೇ, ಇನ್ನೊಂದು ಪಾಲಿಸಿ ತಗೊಂಡರೆ ಮುಗಿಯಿತು. ದಿನಾ ಮಾತ್ರೆ ನುಂಗುವವರಿಗೆ ಹಾಗಲ್ಲ. ಅವರು ಯಾವುದನ್ನು, ಯಾವಾಗ, ಯಾವ ಕ್ರಮದಲ್ಲಿ ಮಾಡಬೇಕು ಅನ್ನುವುದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಮೂರು ವರ್ಷದ ಲೆಕ್ಕ ಅರ್ಥ ಮಾಡಿಕೊಳ್ಳಿ

ನೀವೇ ಹೊಸದಾಗಿ ಪಾಲಿಸಿ ತಗೊಂಡರೆ ಮೊದಲೇ ಇದ್ದ ಕಾಯಿಲೆಗೆ ವಿಮಾ ಕಂಪನಿ ತಕ್ಷಣ ಹಣ ಕೊಡುವುದಿಲ್ಲ, ಕೆಲವು ಕಾಲ ಕಾಯಬೇಕು. ಇದಕ್ಕೆ ವೇಟಿಂಗ್ ಪಿರಿಯಡ್ ಅನ್ನುತ್ತಾರೆ. ಹಿಂದೆ ಇದು 4 ವರ್ಷದವರೆಗೂ ಇರಬಹುದಿತ್ತು. ವಿಮಾ ನಿಯಂತ್ರಣ ಪ್ರಾಧಿಕಾರ, ಅಂದರೆ ಐಆರ್‌ಡಿಎಐ, 2024ರ ಏಪ್ರಿಲ್ 1ರಿಂದ ಅದನ್ನು ಹೆಚ್ಚೆಂದರೆ 3 ವರ್ಷಕ್ಕೆ ಇಳಿಸಿದೆ. ಪಾಲಿಸಿ ಶುರುವಾಗುವ ಹಿಂದಿನ 36 ತಿಂಗಳಲ್ಲಿ ಡಾಕ್ಟರು ಪತ್ತೆ ಮಾಡಿದ, ಅಥವಾ ಚಿಕಿತ್ಸೆ ಕೊಟ್ಟ ಕಾಯಿಲೆ ಇದರ ಕೆಳಗೆ ಬರುತ್ತದೆ.

ಕಾಯಿಲೆ ಮಾತ್ರ ಅಲ್ಲ, ಅದರಿಂದ ನೇರವಾಗಿ ಹುಟ್ಟುವ ತೊಂದರೆಗಳೂ ಸೇರುತ್ತವೆ. ಶುಗರ್ ಇರುವವರ ಕಾಲಿನ ಗಾಯ, ಕಿಡ್ನಿ ತೊಂದರೆ, ಕಣ್ಣಿನ ರೆಟಿನಾ ಚಿಕಿತ್ಸೆ ಎಲ್ಲದಕ್ಕೂ "ಇದು ಶುಗರಿನಿಂದ ಬಂದದ್ದು" ಎಂದು ಹೇಳಬಹುದು. ನಮಗೆ ವಿಮೆ ಬೇಕಾಗುವುದೇ ಇಂಥವಕ್ಕೆ, ಅಲ್ವಾ?

ಕಂಪನಿ ಕೊಡುವ ಗುಂಪು ಪಾಲಿಸಿಯಲ್ಲಿ ಸಾಮಾನ್ಯವಾಗಿ ಈ ವೇಟಿಂಗ್ ಇರುವುದಿಲ್ಲ. ಮೊದಲ ದಿನದಿಂದಲೇ ಎಲ್ಲಾ ಕಾಯಿಲೆಗೂ ಕವರ್. ಅದಕ್ಕೇ ಅದು ಅಷ್ಟು ಆರಾಮ. ಆದರೆ ಆ ಕವರ್ ನಿಮ್ಮದಲ್ಲ, ಕಂಪನಿಯದು. ಬಹಳಷ್ಟು ಕಡೆ ಕೊನೆಯ ಕೆಲಸದ ದಿನ ರಾತ್ರಿ 12ಕ್ಕೆ ಅದು ಮುಗಿಯುತ್ತದೆ. ನಿಮ್ಮ ಪಾಲಿಗೆ ಉಳಿಯುವುದು ಅಲ್ಲಿ ಕಳೆದ ವರ್ಷಗಳು ಮಾತ್ರ. ಆ ವರ್ಷಗಳನ್ನು ಮುಂದಿನ ಪಾಲಿಸಿಗೆ ದಾಟಿಸಲು ಕಾನೂನಿನಲ್ಲಿ ದಾರಿ ಇದೆ. ಮಧ್ಯೆ ಗ್ಯಾಪ್ ಬಿದ್ದರೆ ಆ ದಾರಿ ಮುಚ್ಚುತ್ತದೆ. ಹಾಗಾಗಿ ಮುಂದೆ ಹೇಳುವ ಎಲ್ಲಾ ಕೆಲಸದ ಗುರಿ ಒಂದೇ: ಗ್ಯಾಪ್ ಬೀಳದ ಹಾಗೆ ನೋಡಿಕೊಳ್ಳುವುದು.

ರಾಜೀನಾಮೆ ಕೊಡುವ ಮುಂಚೆ ಕಾಗದ ಕೂಡಿಸಿ

ಆಫೀಸ್ ಇಮೇಲ್ ಬಂದ್ ಆದ ಮೇಲೆ ಎಚ್‌ಆರ್‌ನವರ ಹಿಂದೆ ಓಡುವುದು ಕಷ್ಟ. ಕಂಪನಿ ಪೋರ್ಟಲ್ ತೆರೆಯುವುದಿಲ್ಲ, ಹಳೇ ಕಾರ್ಡು ಸಿಗುವುದಿಲ್ಲ, ಫೋನ್ ಮಾಡಿದರೆ "ನೀವು ಈಗ ನಮ್ಮ ಎಂಪ್ಲಾಯಿ ಅಲ್ಲ" ಅನ್ನುತ್ತಾರೆ. ಆದ್ದರಿಂದ ನೋಟಿಸ್ ಪಿರಿಯಡ್ ಶುರುವಾಗುವ ಮೊದಲೇ ಇವನ್ನು ನಿಮ್ಮ ಸ್ವಂತ ಇಮೇಲಿಗೆ ಕಳಿಸಿಕೊಳ್ಳಿ:

- ನೀವು ಆ ಕಂಪನಿಯಲ್ಲಿದ್ದ ಪ್ರತಿ ವರ್ಷದ ಗುಂಪು ಪಾಲಿಸಿ ಕಾರ್ಡು. ಅದರಲ್ಲಿ ಮನೆಯವರ ಹೆಸರು, ಪಾಲಿಸಿ ನಂಬರು, ಶುರು ಮತ್ತು ಕೊನೆಯ ದಿನಾಂಕ, ಸಮ್ ಇನ್ಶೂರ್ಡ್ (ವಿಮೆಯ ಒಟ್ಟು ಮೊತ್ತ) ಕಾಣಬೇಕು.
- ಇಷ್ಟು ವರ್ಷ ಬಿಡದೆ ಕವರ್ ಇತ್ತು ಎಂದು ವಿಮಾ ಕಂಪನಿ ಅಥವಾ ಎಚ್‌ಆರ್ ಕೊಡುವ ಪತ್ರ.
- ಮಾಡಿದ ಕ್ಲೇಮುಗಳ ಪಟ್ಟಿ. ವಿಮಾ ಕಂಪನಿ ಪರವಾಗಿ ಕ್ಲೇಮು ನೋಡಿಕೊಳ್ಳುವ ಸಂಸ್ಥೆಯ, ಅಂದರೆ ಟಿಪಿಎ, ಪೋರ್ಟಲಿನಲ್ಲಿ ಸಿಗುತ್ತದೆ.
- ಹಳೇ ಡಿಸ್ಚಾರ್ಜ್ ಸಮ್ಮರಿಗಳು, ಈಚಿನ ಎಚ್‌ಬಿಎ1ಸಿ, ಕ್ರಿಯಾಟಿನಿನ್, ಇಸಿಜಿ, ಎಕೋ ರಿಪೋರ್ಟುಗಳು.

ಎಚ್‌ಆರ್‌ಗೆ ಬರೆಯುವ ಮೇಲ್ ಉದ್ದ ಬೇಡ. ಹೀಗೆ ಬರೆದರೆ ಸಾಕು: "ನನ್ನ ಕೊನೆಯ ಕೆಲಸದ ದಿನ ಇಂಥದ್ದು. ನಮ್ಮ ಗುಂಪು ಪಾಲಿಸಿ ಕೊಟ್ಟಿರುವ ವಿಮಾ ಕಂಪನಿ ಯಾವುದು, ಪಾಲಿಸಿ ನಂಬರು ಏನು? ನನ್ನ ಮತ್ತು ನನ್ನ ತಂದೆ ತಾಯಿಯ ಕವರ್ ಯಾವ ದಿನಾಂಕಕ್ಕೆ ಮುಗಿಯುತ್ತದೆ? ನಾವು ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಮೈಗ್ರೇಟ್ ಆಗಲು ಬಯಸುತ್ತೇವೆ. ಯಾರನ್ನು ಸಂಪರ್ಕಿಸಬೇಕು, ಗಡುವು ಯಾವಾಗ?" ಉತ್ತರ ಬರಹದಲ್ಲೇ ಬೇಕು. ಕಾಫಿ ಮೆಷಿನ್ ಪಕ್ಕ ನಿಂತು "ಏನೂ ತೊಂದರೆ ಇಲ್ಲ ಸರ್" ಎಂದು ಹೇಳಿದ್ದು ಆಮೇಲೆ ಲೆಕ್ಕಕ್ಕೆ ಬರುವುದಿಲ್ಲ.

ಗುಂಪು ಪಾಲಿಸಿಯಿಂದ ಸ್ವಂತ ಪಾಲಿಸಿಗೆ: ಮೈಗ್ರೇಷನ್

ಇದು ತುಂಬಾ ಜನರಿಗೆ ಗೊತ್ತಿಲ್ಲದ ಹಕ್ಕು. ಆಸ್ಪತ್ರೆ ಖರ್ಚು ಕೊಡುವ ಗುಂಪು ಪಾಲಿಸಿಯಲ್ಲಿ ಇದ್ದವರು, ಅವರ ಮನೆಯವರೂ ಸೇರಿ, ಅದೇ ವಿಮಾ ಕಂಪನಿಯ ವೈಯಕ್ತಿಕ ಅಥವಾ ಫ್ಯಾಮಿಲಿ ಫ್ಲೋಟರ್ (ಮನೆಯವರೆಲ್ಲರಿಗೂ ಸೇರಿ ಒಂದೇ) ಪಾಲಿಸಿಗೆ ದಾಟಬಹುದು. ಮನೆಯವರು ಅಂದರೆ ಆ ಪಾಲಿಸಿಯಲ್ಲಿ ಹೆಸರಿದ್ದ ಅಪ್ಪ ಅಮ್ಮನೂ ಹೌದು. ಗುಂಪಿನಲ್ಲಿದ್ದ ವರ್ಷಗಳಷ್ಟು ವೇಟಿಂಗ್ ಕಡಿಮೆ ಮಾಡುತ್ತಾರೆ. ನಾಲ್ಕು ವರ್ಷ ಬಿಡದೆ ಇದ್ದರೆ ಮೂರು ವರ್ಷದ ವೇಟಿಂಗ್ ಪೂರ್ತಿ ಮುಗಿದ ಹಾಗೆ.

ಇಲ್ಲಿ ಎಡವುವ ಜಾಗ ಎರಡಿವೆ.

ಒಂದು, ಲೆಕ್ಕಕ್ಕೆ ಬರುವುದು ವರ್ಷ, ಸೌಲಭ್ಯ ಅಲ್ಲ. ಗುಂಪಿನಲ್ಲಿ ಮೊದಲ ದಿನದಿಂದ ಶುಗರಿಗೆ ಕವರ್ ಇತ್ತು, ಹಾಗಾಗಿ ಇಲ್ಲೂ ಇರುತ್ತದೆ ಅಂದುಕೊಳ್ಳಬೇಡಿ. ನೀವು ಅಲ್ಲಿದ್ದದ್ದು ಒಂದೇ ವರ್ಷ ಆದರೆ ಹೊಸ ಪಾಲಿಸಿಯಲ್ಲಿ ಇನ್ನೂ ಎರಡು ವರ್ಷ ಕಾಯಬೇಕಾಗುತ್ತದೆ ಎಂದೇ ಲೆಕ್ಕ ಹಾಕಿ.

ಎರಡು, ಹಳೇ ಮೊತ್ತದವರೆಗೆ ಮಾತ್ರ ರಿಯಾಯಿತಿ. ಗುಂಪಿನಲ್ಲಿ 3 ಲಕ್ಷ ಇತ್ತು, ಈಗ 10 ಲಕ್ಷದ ಪಾಲಿಸಿ ತಗೊಂಡಿರಿ ಅಂದುಕೊಳ್ಳಿ. ಮೊದಲ 3 ಲಕ್ಷಕ್ಕೆ ಹಳೇ ವರ್ಷಗಳು ಲೆಕ್ಕ. ಉಳಿದ 7 ಲಕ್ಷಕ್ಕೆ ಇವತ್ತಿನಿಂದ ಹೊಸ ವೇಟಿಂಗ್. ಹಾಗಂತ ಮೊತ್ತ ಏರಿಸಬೇಡಿ ಅನ್ನುತ್ತಿಲ್ಲ. ಏರಿಸಿ, ಆದರೆ ಇದು ಗೊತ್ತಿರಲಿ.

ವಿಮಾ ಕಂಪನಿ ಹೊಸದಾಗಿ ಮೆಡಿಕಲ್ ಟೆಸ್ಟ್ ಕೇಳಬಹುದು. ಪ್ರೀಮಿಯಂ ಮಾತ್ರ ಹೆಗಲು ಬಗ್ಗುವಷ್ಟು ಇರುತ್ತದೆ, ಅದರಲ್ಲೂ 60 ದಾಟಿದವರಿಗೆ. ಕಂಪನಿ ತನ್ನ ಜೇಬಿನಿಂದ ಎಷ್ಟು ಕೊಡುತ್ತಿತ್ತು ಅನ್ನುವುದು ಆಗ ಗೊತ್ತಾಗುತ್ತದೆ. ಒಂದು ಸಮಾಧಾನ ಇದೆ: 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಮತ್ತು ಫ್ಯಾಮಿಲಿ ಫ್ಲೋಟರ್ ಆರೋಗ್ಯ ಪಾಲಿಸಿಗಳ ಮೇಲಿದ್ದ 18% ಜಿಎಸ್‌ಟಿ ತೆಗೆದಿದ್ದಾರೆ.

ಗಡುವು ಒಂದೊಂದು ವಿಮಾ ಕಂಪನಿಗೆ ಒಂದೊಂದು ಥರ. ಅದನ್ನು ನಂಬಿಕೊಂಡು ಕೂರಬೇಡಿ. ಕೊನೆಯ ಕೆಲಸದ ದಿನಕ್ಕೆ ಮುಂಚೆಯೇ ಅರ್ಜಿ ಹೋಗಿರಲಿ.

ಈಗಾಗಲೇ ಸ್ವಂತ ಪಾಲಿಸಿ ಇದ್ದು ವಿಮಾ ಕಂಪನಿ ಬದಲಾಯಿಸುವುದಾದರೆ: ಪೋರ್ಟಿಂಗ್

ಮೊಬೈಲ್ ನಂಬರ್ ಪೋರ್ಟ್ ಮಾಡಿದ ಹಾಗೆಯೇ ಇದೂ, ಆದರೆ ವರ್ಷಕ್ಕೆ ಒಂದೇ ಸಲ, ರಿನ್ಯೂವಲ್ ಸಮಯದಲ್ಲಿ ಮಾತ್ರ. ರಿನ್ಯೂವಲ್ ದಿನಕ್ಕೆ 60 ದಿನ ಮುಂಚೆಯಿಂದ 45 ದಿನ ಮುಂಚೆಯ ಒಳಗೆ ಹೊಸ ಕಂಪನಿಗೆ ಅರ್ಜಿ ಕೊಡುವುದು ರೂಢಿ. ಜೂನ್ 30ಕ್ಕೆ ನಿಮ್ಮ ರಿನ್ಯೂವಲ್ ಅಂದರೆ ಮೇ 1ರಿಂದ ಮೇ 16ರೊಳಗೆ. ಫೋನಿನಲ್ಲಿ ಏಪ್ರಿಲ್ ಕೊನೆಗೇ ಒಂದು ರಿಮೈಂಡರ್ ಹಾಕಿಡಿ.

ಐಆರ್‌ಡಿಎಐಯ 2024ರ ಮೇ 29ರ ಮಾಸ್ಟರ್ ಸರ್ಕ್ಯುಲರ್ ಪ್ರಕಾರ ಹಳೇ ಕಂಪನಿ ನಿಮ್ಮ ಮಾಹಿತಿಯನ್ನು 72 ಗಂಟೆಯೊಳಗೆ ಕೊಡಬೇಕು. ಅದು ಕೈಗೆ ಬಂದ ಮೇಲೆ ಹೊಸ ಕಂಪನಿ 5 ದಿನದಲ್ಲಿ ಹೌದು ಅಥವಾ ಇಲ್ಲ ಅನ್ನಬೇಕು. ಇಲ್ಲ ಅನ್ನುವ ಹಕ್ಕು ಅವರಿಗಿದೆ. ಕಿಡ್ನಿ, ಹೃದಯ, ಕ್ಯಾನ್ಸರ್ ಹಿನ್ನೆಲೆ ಇದ್ದರೆ ಬಹಳ ಸಲ ಇಲ್ಲ ಅಂದೇ ಬಿಡುತ್ತಾರೆ.

ಹಾಗಾದರೆ ಹಳೇ ಪಾಲಿಸಿಯ ಗತಿ? ಅದು ನಿಮ್ಮ ಕೈಯಲ್ಲೇ ಇರುತ್ತದೆ. ಹಿಂದಿನ ವರ್ಷ ಕ್ಲೇಮು ಮಾಡಿದ್ದೀರಿ, ಕಾಯಿಲೆ ಜಾಸ್ತಿ ಆಗಿದೆ ಎಂಬ ಕಾರಣಕ್ಕೆ ಹಳೇ ಕಂಪನಿ ರಿನ್ಯೂ ಮಾಡಲ್ಲ ಅನ್ನುವ ಹಾಗಿಲ್ಲ. ನಿಮ್ಮೊಬ್ಬರ ಕ್ಲೇಮು ನೋಡಿ ಪ್ರೀಮಿಯಂ ಏರಿಸುವ ಹಾಗೂ ಇಲ್ಲ. ಮೋಸ ಮಾಡಿದ್ದರೆ, ಸುಳ್ಳು ಹೇಳಿದ್ದರೆ ಮಾತ್ರ ಬೇರೆ ಮಾತು. ಆದ್ದರಿಂದ ಹೊಸ ಪಾಲಿಸಿಯ ಕಾಗದ ಕೈಗೆ ಬರುವವರೆಗೆ ಹಳೆಯದನ್ನು ಬಿಡಬೇಡಿ. ಪೋರ್ಟ್ ಇನ್ನೂ ಆಗಿಲ್ಲ, ರಿನ್ಯೂವಲ್ ದಿನ ಬಂತು ಅಂದರೆ ಸುಮ್ನೆ ಹಳೆಯದಕ್ಕೇ ದುಡ್ಡು ಕಟ್ಟಿ. ಮುಂದಿನ ವರ್ಷ ನೋಡೋಣ.

ನನ್ನ ಅಭಿಪ್ರಾಯ ಕೇಳಿದರೆ, ಕಾಯಿಲೆ ಇದ್ದು ಐದು ವರ್ಷ ದಾಟಿದ ಪಾಲಿಸಿ ಇರುವವರು ಎರಡು ಮೂರು ಸಾವಿರ ಉಳಿಸಲು ಪೋರ್ಟ್ ಮಾಡಲೇಬಾರದು. ಸೇವೆ ತೀರಾ ಕೆಟ್ಟದ್ದಾಗಿದ್ದರೆ, ರೂಮ್ ಬಾಡಿಗೆಯ ಮಿತಿಯಿಂದ ಪ್ರತಿ ಬಿಲ್ಲಿನಲ್ಲೂ ಕೈಯಿಂದ ಹೋಗುತ್ತಿದ್ದರೆ ಮಾತ್ರ ಯೋಚಿಸಬಹುದು.

ಕಾಯಿಲೆ ಮುಚ್ಚಿಡಬೇಡಿ, ತಪ್ಪು ದಿನಾಂಕವನ್ನೂ ಹೇಳಬೇಡಿ

ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ. ಕ್ಲೇಮುಗಳು ಕೆಡುವುದು ಇಲ್ಲೇ.

ಅರ್ಜಿ ತುಂಬಿಸುವಾಗ ಕೆಲವು ಏಜೆಂಟರು ಹೇಳುವುದು ಒಂದೇ ಮಾತು: "ಶುಗರ್ ಅಂತ ಬರೀಬೇಡಿ ಸರ್, ಸುಮ್ನೆ ಪ್ರೀಮಿಯಂ ಜಾಸ್ತಿ ಮಾಡ್ತಾರೆ." ಪಾಲಿಸಿ ಬರುತ್ತದೆ, ಏಜೆಂಟರಿಗೆ ಕಮಿಷನ್ನೂ ಬರುತ್ತದೆ. ಎರಡು ವರ್ಷದ ಮೇಲೆ ಸ್ಟೆಂಟ್ ಹಾಕಿಸುವ ದಿನ ಬಂದಾಗ ವಿಮಾ ಕಂಪನಿಯವರು ನಿಮ್ಮ ಹಳೇ ಚೀಟಿಗಳನ್ನು ಕೆದಕುತ್ತಾರೆ. ಹಳೇ ಮೆಟ್‌ಫಾರ್ಮಿನ್ ಚೀಟಿ ಒಂದು ಸಿಕ್ಕರೂ ಸಾಕು, ಕ್ಲೇಮು ತಿರಸ್ಕಾರ, ಕೆಲವೊಮ್ಮೆ ಪಾಲಿಸಿಯೇ ರದ್ದು.

ಬರೆಯಬೇಕಾದದ್ದು ಇಷ್ಟು: ಕಾಯಿಲೆಯ ಹೆಸರು, ಯಾವ ತಿಂಗಳು ಯಾವ ವರ್ಷ ಗೊತ್ತಾಯಿತು, ಈಗ ತಗೊಳ್ಳುತ್ತಿರುವ ಮಾತ್ರೆ, ಆಸ್ಪತ್ರೆಗೆ ಸೇರಿದ್ದರೆ ಅದರ ವಿವರ. ಬಿಪಿ, ಥೈರಾಯ್ಡ್, ಕೊಲೆಸ್ಟ್ರಾಲ್, ಅಸ್ತಮಾ "ಸಣ್ಣದು" ಎಂದು ಬಿಡಬೇಡಿ. ಡಿಪ್ರೆಶನ್‌ಗೆ ಮಾತ್ರೆ ತಗೊಳ್ಳುತ್ತಿದ್ದರೆ ಅದನ್ನೂ ಬರೆಯಿರಿ. ಮಾನಸಿಕ ಕಾಯಿಲೆಗೂ ದೈಹಿಕ ಕಾಯಿಲೆಯಷ್ಟೇ ವಿಮೆ ಕೊಡಬೇಕು ಎಂದು 2017ರ ಮಾನಸಿಕ ಆರೋಗ್ಯ ಕಾಯ್ದೆಯೇ ಹೇಳುತ್ತದೆ. ಏಜೆಂಟ್ ತುಂಬಿಸಿದ ಅರ್ಜಿಗೆ ಕಣ್ಣು ಮುಚ್ಚಿ ಓಟಿಪಿ ಕೊಡಬೇಡಿ. ಪಾಲಿಸಿ ಬಂದ ಮೇಲೆ ಅದರ ಜೊತೆಗಿರುವ ಅರ್ಜಿಯ ಪ್ರತಿಯನ್ನು ಓದಿ. ತಪ್ಪಿದ್ದರೆ ತಕ್ಷಣ ಬರೆದು ತಿದ್ದಿಸಿ. ಹೊಸ ಪಾಲಿಸಿ ಹಿಡಿಸದಿದ್ದರೆ ವಾಪಸ್ ಮಾಡಲು 30 ದಿನ ಸಮಯ ಇರುತ್ತದೆ. ಯಾವುದಾದರೂ ಕಾಯಿಲೆಯನ್ನು ಶಾಶ್ವತವಾಗಿ ಹೊರಗಿಟ್ಟಿದ್ದಾರಾ ಎಂದು ಆಗಲೇ ನೋಡಿಕೊಳ್ಳಿ.

ಇನ್ನು ಆಸ್ಪತ್ರೆಯ ಕಡೆಯಿಂದ ಆಗುವ ಎಡವಟ್ಟು. ಅಡ್ಮಿಟ್ ಮಾಡುವಾಗ ಡ್ಯೂಟಿ ಡಾಕ್ಟರು "ಎಷ್ಟು ವರ್ಷದಿಂದ ಶುಗರ್?" ಎಂದು ಕೇಳುತ್ತಾರೆ. ಜೊತೆಗೆ ಬಂದ ತಮ್ಮನೋ ಅಳಿಯನೋ ಗಾಬರಿಯಲ್ಲಿ "ಒಂದು ಹತ್ತು ವರ್ಷ ಆಗಿರಬೇಕು" ಅನ್ನುತ್ತಾನೆ. ನಿಜಕ್ಕೂ ಮೂರು ವರ್ಷ ಆಗಿರುತ್ತದೆ. ಆ ಹತ್ತು ಡಿಸ್ಚಾರ್ಜ್ ಸಮ್ಮರಿಗೆ ಹೋಗುತ್ತದೆ. ಪಾಲಿಸಿ ನಾಲ್ಕು ವರ್ಷ ಹಳೆಯದಾಗಿದ್ದರೆ, ಕಾಯಿಲೆಯನ್ನು ಮುಚ್ಚಿಟ್ಟು ಪಾಲಿಸಿ ತಗೊಂಡಿದ್ದೀರಿ ಎಂಬ ಅನುಮಾನಕ್ಕೆ ಅಷ್ಟು ಸಾಕು. ನಮ್ಮ ಮನೆಯಲ್ಲಿ ಫ್ರಿಜ್ ಬಾಗಿಲಿನ ಮೇಲೆ ಒಂದು ಚೀಟಿ ಇದೆ: ಕಾಯಿಲೆ, ಗೊತ್ತಾದ ತಿಂಗಳು, ಮಾತ್ರೆಗಳ ಹೆಸರು, ಪಾಲಿಸಿ ನಂಬರು. ಯಾರು ಆಸ್ಪತ್ರೆಗೆ ಕರೆದುಕೊಂಡು ಹೋದರೂ ಅದರ ಫೋಟೋ ತೋರಿಸಬೇಕು. ಡಿಸ್ಚಾರ್ಜ್ ಆಗುವ ಮುಂಚೆ ಸಮ್ಮರಿ ಓದಿ. ವರ್ಷ ತಪ್ಪಾಗಿದ್ದರೆ ಡಾಕ್ಟರ ಸಹಿ, ಸೀಲಿನೊಂದಿಗೆ ಅಲ್ಲೇ ತಿದ್ದಿಸಿಕೊಳ್ಳಿ. ಮನೆಗೆ ಬಂದ ಮೇಲೆ ಇದಕ್ಕೆ ಅಲೆದಾಡುವುದು ಯಾರಿಗೂ ಬೇಡ.

ಪಾಲಿಸಿ 60 ತಿಂಗಳು ಬಿಡದೆ ನಡೆದಿದ್ದರೆ ನಿಮ್ಮ ಪರವಾಗಿ ಒಂದು ದೊಡ್ಡ ನಿಯಮ ಇದೆ. ಆಮೇಲೆ "ಮಾಹಿತಿ ಕೊಟ್ಟಿಲ್ಲ" ಎಂಬ ಕಾರಣಕ್ಕೆ ಕ್ಲೇಮು ತಳ್ಳುವಂತಿಲ್ಲ. ಮೋಸ ಎಂದು ಕಂಪನಿಯೇ ಸಾಬೀತು ಮಾಡಬೇಕು. 2024ಕ್ಕೆ ಮುಂಚೆ ಇದು 8 ವರ್ಷ ಇತ್ತು. ಪೋರ್ಟ್ ಮಾಡಿದರೂ ಈ ತಿಂಗಳುಗಳು ಜೊತೆಗೆ ಬರುತ್ತವೆ. ಗ್ಯಾಪ್ ಆದರೆ ಮತ್ತೆ ಸೊನ್ನೆಯಿಂದ ಎಣಿಕೆ.

ಕಂತು ಮರೆತರೆ

ವರ್ಷದ ಪ್ರೀಮಿಯಂ ಆದರೆ 30 ದಿನ, ತಿಂಗಳ ಕಂತು ಆದರೆ 15 ದಿನ ಗ್ರೇಸ್, ಅಂದರೆ ಹೆಚ್ಚುವರಿ ಸಮಯ, ಸಿಗುತ್ತದೆ. ಆ ಒಳಗೆ ಕಟ್ಟಿದರೆ ವರ್ಷಗಳ ಲೆಕ್ಕ ಕೆಡುವುದಿಲ್ಲ. ಆದರೆ ವರ್ಷದ ಪ್ರೀಮಿಯಂ ಒಟ್ಟಿಗೆ ಕಟ್ಟುವವರಿಗೆ ಆ 30 ದಿನದಲ್ಲಿ ಆಸ್ಪತ್ರೆ ಸೇರಿದರೆ ಕವರ್ ಸಿಗದೇ ಹೋಗಬಹುದು. ಬ್ಯಾಂಕ್ ಖಾತೆಯಿಂದ ಆಟೋ-ಡೆಬಿಟ್ ಇಟ್ಟಿದ್ದರೆ ಸಂಬಳದ ಖಾತೆ ಬದಲಾದಾಗ ಅದು ನಿಂತುಹೋಗುತ್ತದೆ. ಕೆಲಸ ಬದಲಾಯಿಸುವವರು ಇದನ್ನು ಮರೆಯುವುದು ಬಹಳ. ಹಳೇ ಸಂಬಳದ ಖಾತೆ ಮುಚ್ಚುವ ಮುಂಚೆ ಒಮ್ಮೆ ನೋಡಿಕೊಳ್ಳಿ.

ಯಾರೂ ಪಾಲಿಸಿ ಕೊಡದಿದ್ದರೆ

ಒಬ್ಬರು ಇಲ್ಲ ಅಂದ ಮಾತ್ರಕ್ಕೆ ಎಲ್ಲರೂ ಇಲ್ಲ ಅನ್ನುವುದಿಲ್ಲ. ಕಾಯಿಲೆಯನ್ನು ನೋಡುವ ರೀತಿ ಒಂದೊಂದು ಕಂಪನಿಯಲ್ಲಿ ಒಂದೊಂದು. ವಯಸ್ಸಿನ ಅಡ್ಡಿಯೂ ಸಡಿಲವಾಗಿದೆ. 65 ದಾಟಿದವರಿಗೆ ಹೊಸ ಪಾಲಿಸಿ ಇಲ್ಲ ಎಂಬ ಹಳೇ ಮಿತಿಯನ್ನು 2024ರ ಏಪ್ರಿಲ್‌ನಿಂದ ತೆಗೆದಿದ್ದಾರೆ.

ಹುಡುಕುವ ಕ್ರಮ ಹೀಗಿರಲಿ. ಮೊದಲು ಗುಂಪು ಪಾಲಿಸಿ ಕೊಟ್ಟಿದ್ದ ಕಂಪನಿಯಲ್ಲೇ ಮೈಗ್ರೇಷನ್. ಅದು ಆಗದಿದ್ದರೆ ಆರೋಗ್ಯ ಸಂಜೀವನಿ ಪಾಲಿಸಿ ಕೇಳಿ. 2020ರಲ್ಲಿ ಶುರುವಾದ ಇದು ಎಲ್ಲಾ ಕಂಪನಿಯಲ್ಲೂ ಒಂದೇ ಥರ ಇರುತ್ತದೆ. ಪ್ರತಿ ಕ್ಲೇಮಿನಲ್ಲಿ 5% ನಿಮ್ಮ ಕೈಯಿಂದ ಹೋಗುತ್ತದೆ, ಪ್ರೀಮಿಯಂ ತುಸು ಕಡಿಮೆ. ಶುಗರ್, ಬಿಪಿ ಇರುವವರಿಗೆಂದೇ ವೇಟಿಂಗ್ ಕಡಿಮೆ ಮಾಡಿದ ಪಾಲಿಸಿಗಳನ್ನೂ ಕೆಲವು ಕಂಪನಿಗಳು ಮಾರುತ್ತವೆ. ಪ್ರೀಮಿಯಂ ಜಾಸ್ತಿ, ಆದರೆ ಈ ವರ್ಷವೇ ಆಪರೇಷನ್ ಬರಬಹುದು ಎಂದು ಡಾಕ್ಟರು ಹೇಳಿದ್ದರೆ ಲೆಕ್ಕ ಹಾಕಿ ನೋಡಬೇಕಾದದ್ದೇ.

ಲೋಡಿಂಗ್ ಹಾಕಿ, ಅಂದರೆ ಕಾಯಿಲೆಗೆಂದು ಪ್ರೀಮಿಯಂ ಏರಿಸಿ, ಪಾಲಿಸಿ ಕೊಡುತ್ತೇವೆ ಅಂದರೆ ಸಿಟ್ಟಾಗಬೇಡಿ. ಲೋಡಿಂಗ್ ಹಾಕಿದವರು ಕಾಯಿಲೆ ಗೊತ್ತಿದ್ದೇ ಒಪ್ಪಿಕೊಂಡಿದ್ದಾರೆ ಎಂಬುದಕ್ಕೆ ಅದೇ ಸಾಕ್ಷಿ. ಮುಂದೆ ಜಗಳ ಬಂದರೆ ಅದು ನಿಮಗೇ ಅನುಕೂಲ.

ಹಿರಿಯರ ಪ್ರೀಮಿಯಂ ಬಗ್ಗೆ ಇನ್ನೊಂದು ಮಾತು. 60 ದಾಟಿದವರ ಪ್ರೀಮಿಯಂ ಅನ್ನು ಒಂದೇ ವರ್ಷದಲ್ಲಿ 10%ಗಿಂತ ಹೆಚ್ಚು ಏರಿಸಬೇಕಾದರೆ ಕಂಪನಿಗಳು ಮೊದಲು ಪ್ರಾಧಿಕಾರದ ಜೊತೆ ಮಾತಾಡಬೇಕು ಎಂದು 2025ರ ಜನವರಿಯಲ್ಲಿ ಆದೇಶ ಬಂದಿದೆ. ಅದಕ್ಕಿಂತ ಜಾಸ್ತಿ ಏರಿದ್ದು ಕಂಡರೆ ಕಾರಣವನ್ನು ಬರಹದಲ್ಲಿ ಕೇಳಿ.

ಅಮೆರಿಕದಿಂದ, ಗಲ್ಫಿನಿಂದ ಊರಿಗೆ ವಾಪಸಾಗುವವರಿಗೆ: ಅಲ್ಲಿನ ಪಾಲಿಸಿಯ ವರ್ಷಗಳು ಇಲ್ಲಿ ಲೆಕ್ಕಕ್ಕಿಲ್ಲ. ಬರುವ ಯೋಚನೆ ಇದ್ದರೆ ಎರಡು ಮೂರು ವರ್ಷ ಮುಂಚೆಯೇ ಇಲ್ಲೊಂದು ಪಾಲಿಸಿ ಶುರು ಮಾಡಲು ಆಗುತ್ತದಾ ಎಂದು ವಿಚಾರಿಸಿ.

ಇಎಸ್‌ಐನಲ್ಲಿ ಇರುವವರು

ತಿಂಗಳ ಸಂಬಳ 21,000 ರೂಪಾಯಿವರೆಗೆ ಇರುವ ಪೀಣ್ಯದ, ದೊಡ್ಡಬಳ್ಳಾಪುರದ ಎಷ್ಟೋ ಮನೆಗಳಿಗೆ ಇಎಸ್‌ಐಯೇ ಆಧಾರ. ಅಂಗವಿಕಲರಿಗೆ ಈ ಮಿತಿ 25,000. ಹಳೇ ಕಾಯಿಲೆಗೆಂದು ವರ್ಷಗಟ್ಟಲೆ ವೇಟಿಂಗ್ ಇಲ್ಲ, ಖರ್ಚಿಗೆ ಮಿತಿ ಇಲ್ಲ, ಮಾತ್ರೆಯೂ ಸಿಗುತ್ತದೆ. ಖಾಸಗಿ ಪಾಲಿಸಿ ಯಾವುದೂ ಇದಕ್ಕೆ ಸಮ ಅಲ್ಲ ಎಂದೇ ನನ್ನ ಲೆಕ್ಕ.

ತೊಂದರೆ ಬರುವುದು ಸಂಬಳ ಏರಿದಾಗ. ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್ ಎಂದು ಇಎಸ್‌ಐಯಲ್ಲಿ ಎರಡು ವಂತಿಗೆ ಅವಧಿಗಳಿವೆ. ಜೂನ್‌ನಲ್ಲಿ ಸಂಬಳ 21,000 ದಾಟಿದರೂ ಸೆಪ್ಟೆಂಬರ್ ಕೊನೆಯವರೆಗೆ ನೀವು ಒಳಗೇ ಇರುತ್ತೀರಿ, ವಂತಿಗೆಯೂ ಕಡಿತವಾಗುತ್ತದೆ. ಏಪ್ರಿಲ್–ಸೆಪ್ಟೆಂಬರ್ ವಂತಿಗೆಗೆ ಸೌಲಭ್ಯದ ಅವಧಿ ಮುಂದಿನ ಜನವರಿಯಿಂದ ಜೂನ್. ಅಂದರೆ ಸಿದ್ಧವಾಗಲು ನಿಮಗೆ ಕೆಲವು ತಿಂಗಳು ಸಿಗುತ್ತದೆ. ಆ ತಿಂಗಳುಗಳನ್ನು ಬಿಡಬೇಡಿ. ಯಾಕೆಂದರೆ ಇಎಸ್‌ಐನಿಂದ ಖಾಸಗಿ ಪಾಲಿಸಿಗೆ ಪೋರ್ಟಿಂಗ್ ಇಲ್ಲ. ಅಲ್ಲಿ ಹತ್ತು ವರ್ಷ ಇದ್ದರೂ ಹೊಸ ಪಾಲಿಸಿಯಲ್ಲಿ ವೇಟಿಂಗ್ ಮೊದಲಿನಿಂದ. ಇನ್ಕ್ರಿಮೆಂಟ್ ಬರುವ ಸೂಚನೆ ಕಂಡಾಗಲೇ ಒಂದು ಸಣ್ಣ ಪಾಲಿಸಿ ಶುರು ಮಾಡಿದರೆ ವೇಟಿಂಗ್ ಒಂದು ಕಡೆ ಕರಗುತ್ತಿರುತ್ತದೆ.

ಐದು ವರ್ಷ ಇಎಸ್‌ಐನಲ್ಲಿದ್ದು ವಯಸ್ಸಾಗಿ ನಿವೃತ್ತರಾದವರಿಗೆ ವರ್ಷಕ್ಕೆ 120 ರೂಪಾಯಿ ಕಟ್ಟಿದರೆ ಗಂಡ ಹೆಂಡತಿ ಇಬ್ಬರಿಗೂ ಚಿಕಿತ್ಸೆ ಮುಂದುವರಿಯುತ್ತದೆ. ನೂರಿಪ್ಪತ್ತು ರೂಪಾಯಿ! ಬ್ರಾಂಚ್ ಆಫೀಸಿಗೆ ಹೋಗಿ ಕೇಳಿದರೆ ಫಾರಂ ಕೊಡುತ್ತಾರೆ. ಗೊತ್ತಿಲ್ಲದೆ ಬಿಟ್ಟವರು ಎಷ್ಟೋ ಜನ.

ಸರ್ಕಾರಿ ಯೋಜನೆಗಳು

ಖಾಸಗಿ ಪಾಲಿಸಿ ಇದ್ದರೂ ಇವನ್ನು ಜೊತೆಗಿಟ್ಟುಕೊಳ್ಳಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಎಪಿಎಲ್ ಆದರೆ ಪ್ಯಾಕೇಜ್ ದರದ 30%, ವರ್ಷಕ್ಕೆ ಹೆಚ್ಚೆಂದರೆ 1.5 ಲಕ್ಷ. ಹಾಗಾಗಿ ರೇಷನ್ ಕಾರ್ಡು ಬಿಪಿಎಲ್‌ನಿಂದ ಎಪಿಎಲ್‌ಗೆ ಹೋದರೆ ಅಕ್ಕಿ ಮಾತ್ರ ಅಲ್ಲ, ಇದೂ ಹೋಗುತ್ತದೆ. ಕಾರ್ಡು ತಪ್ಪಾಗಿ ಬದಲಾಗಿದ್ದರೆ ಆಹಾರ ಇಲಾಖೆಗೆ ಅರ್ಜಿ ಕೊಡುವುದನ್ನು ಮುಂದೂಡಬೇಡಿ. ಮನೆಯಲ್ಲಿ ಡಯಾಲಿಸಿಸ್ ನಡೆಯುತ್ತಿದ್ದರಂತೂ ಮೊದಲ ಕೆಲಸ ಅದೇ.

ಇಲ್ಲಿ ನೇರವಾಗಿ ದೊಡ್ಡ ಖಾಸಗಿ ಆಸ್ಪತ್ರೆಗೆ ಹೋದರೆ ಆಗುವುದಿಲ್ಲ. ತುರ್ತು ಇಲ್ಲದಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆ, ಅಲ್ಲಿಂದ ರೆಫರಲ್ ಪತ್ರ. ಕಾರ್ಡು ಗ್ರಾಮ ಒನ್, ಕರ್ನಾಟಕ ಒನ್ ಕೇಂದ್ರಗಳಲ್ಲಿ ಆಗುತ್ತದೆ. ಕಾಯಿಲೆ ಬಿದ್ದ ಮೇಲೆ ಅಲ್ಲ, ಇವತ್ತೇ ಮಾಡಿಸಿ.

ಸಹಕಾರ ಸಂಘದ ಸದಸ್ಯರಿಗೆ ಯಶಸ್ವಿನಿ ಇದೆ. 2003ರಲ್ಲಿ ಶುರುವಾಗಿ, ನಡುವೆ ನಿಂತು, ಮತ್ತೆ ಬಂದಿದೆ. ಹಳ್ಳಿಯ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500, ಪಟ್ಟಣದವರಿಗೆ 1,000 ರೂಪಾಯಿ. ನೋಂದಣಿಗೆ ಪ್ರತಿ ವರ್ಷ ಒಂದು ಕೊನೆ ದಿನ ಇರುತ್ತದೆ. ಹಾಲಿನ ಡೈರಿ ಅಥವಾ ವಿಎಸ್‌ಎಸ್‌ಎನ್ (ಊರಿನ ಸಹಕಾರ ಸಂಘ) ಕಾರ್ಯದರ್ಶಿಯನ್ನು ಕೇಳಿದರೆ ಗೊತ್ತಾಗುತ್ತದೆ.

ಮಗುವಿಗೆ ಟೈಪ್ 1 ಶುಗರ್ ಇದ್ದರೆ

ಫ್ಯಾಮಿಲಿ ಫ್ಲೋಟರಿನಲ್ಲಿ ಮಕ್ಕಳಿಗೆ ಸಾಮಾನ್ಯವಾಗಿ 25 ವರ್ಷದವರೆಗೆ ಮಾತ್ರ ಜಾಗ. ಆಮೇಲೆ ಅದೇ ಕಂಪನಿಯ ಬೇರೆ ಪಾಲಿಸಿಗೆ ಹಳೇ ವರ್ಷಗಳ ಸಮೇತ ದಾಟಬಹುದು. 24 ತುಂಬಿದ ವರ್ಷದ ರಿನ್ಯೂವಲ್ ಹೊತ್ತಿಗೇ ಕಂಪನಿಗೆ ಬರೆದು ಕೇಳಿ. "ಮಗನಿಗೆ ಕೆಲಸ ಸಿಕ್ಕಿದೆ, ಅವನ ಕಂಪನಿಯಲ್ಲಿ ಇದೆಯಲ್ಲ" ಎಂದು ಬಿಟ್ಟುಬಿಟ್ಟರೆ ಈ ಲೇಖನದ ಮೊದಲ ಪ್ಯಾರಾದ ಕಥೆ ಅವನಿಗೂ ಬರುತ್ತದೆ.

ಅದೇ ಕಾರಣಕ್ಕೆ, ಕಂಪನಿ ಕವರ್ ಎಷ್ಟೇ ಚೆನ್ನಾಗಿದ್ದರೂ ಜೊತೆಗೊಂದು ಸ್ವಂತ ಪಾಲಿಸಿ ಇರಲಿ. ಎರಡಿದ್ದರೆ ಯಾವುದರಲ್ಲಿ ಮೊದಲು ಕ್ಲೇಮು ಮಾಡಬೇಕು ಎಂದು ನೀವೇ ಆರಿಸಬಹುದು.

ಮಾತ್ರೆಯ ಖರ್ಚು

ಆರೋಗ್ಯ ವಿಮೆ ಹೆಚ್ಚಾಗಿ ಆಸ್ಪತ್ರೆ ಸೇರಿದಾಗಿನ ಖರ್ಚಿಗೆ. ಡಯಾಲಿಸಿಸ್, ಕೀಮೋ ಥರದವು 24 ಗಂಟೆ ಅಡ್ಮಿಟ್ ಆಗದಿದ್ದರೂ ಡೇ-ಕೇರ್ ಎಂದು ಸೇರುತ್ತವೆ. ತಿಂಗಳ ಇನ್ಸುಲಿನ್, ಮಾತ್ರೆ, ಸ್ಟ್ರಿಪ್ ಸೇರುವುದಿಲ್ಲ. ಕಂಪನಿಯ ಒಪಿಡಿ (ಅಡ್ಮಿಟ್ ಆಗದೆ ಪಡೆಯುವ ಚಿಕಿತ್ಸೆಯ) ಸೌಲಭ್ಯದಲ್ಲಿ ಮಾತ್ರೆ ಬರುತ್ತಿದ್ದರೆ ಕೆಲಸ ಬಿಟ್ಟ ತಿಂಗಳೇ ಆ ಖರ್ಚು ನಿಮ್ಮ ತಲೆಗೆ. ಬಿಡುವ ಮುಂಚೆ ಬಾಕಿ ಇರುವ ಟೆಸ್ಟ್, ಕಣ್ಣಿನ ತಪಾಸಣೆ ಮುಗಿಸಿಕೊಳ್ಳಿ. ಡಾಕ್ಟರ ಹತ್ತಿರ ಔಷಧದ ಜೆನೆರಿಕ್ ಹೆಸರು ಬರೆಸಿಕೊಂಡು ಹತ್ತಿರದ ಜನೌಷಧಿ ಅಂಗಡಿಯಲ್ಲಿ ವಿಚಾರಿಸಿ. ದುಡ್ಡು ಉಳಿಸಲು ಮಾತ್ರೆ ಅರ್ಧ ಮಾಡುವುದು ಬೇಡ. ಅದರ ಬಿಲ್ಲು ಆಮೇಲೆ ಐಸಿಯುನಲ್ಲಿ ಬರುತ್ತದೆ.

ಕ್ಲೇಮು ತಿರಸ್ಕಾರ ಆದರೆ

ಕ್ಯಾಶ್‌ಲೆಸ್ ಕೋರಿಕೆಗೆ 1 ಗಂಟೆಯಲ್ಲಿ, ಡಿಸ್ಚಾರ್ಜ್ ಬಿಲ್ಲಿಗೆ 3 ಗಂಟೆಯಲ್ಲಿ ಉತ್ತರ ಕೊಡಬೇಕು ಎಂಬುದು ಈಗಿನ ನಿಯಮ. ಇಲ್ಲ ಅಂದರೆ ಪಾಲಿಸಿಯ ಯಾವ ಷರತ್ತಿನ ಪ್ರಕಾರ ಇಲ್ಲ ಎಂದು ಬರಹದಲ್ಲಿ ಕೇಳಿ. ಕ್ಲೇಮು ತಿರಸ್ಕರಿಸಲು ಕಂಪನಿಯೊಳಗಿನ ಪರಿಶೀಲನಾ ಸಮಿತಿಯ ಒಪ್ಪಿಗೆಯೂ ಬೇಕು.

ಮೊದಲು ಕಂಪನಿಯ ದೂರು ಅಧಿಕಾರಿಗೆ ಇಮೇಲ್ ಮಾಡಿ. ಹಳೇ ಪಾಲಿಸಿ ಕಾರ್ಡುಗಳು, ಪೋರ್ಟಿಂಗ್ ಅರ್ಜಿ, ಲೋಡಿಂಗ್ ಪತ್ರ ಎಲ್ಲವನ್ನೂ ಜೊತೆಗಿಡಿ. ಅಲ್ಲಿ ಕೆಲಸ ಆಗದಿದ್ದರೆ ಐಆರ್‌ಡಿಎಐಯ ಬಿಮಾ ಭರೋಸಾ ಪೋರ್ಟಲ್, ಅಥವಾ 155255ಕ್ಕೆ ಫೋನ್. ಒಂದು ತಿಂಗಳಾದರೂ ಉತ್ತರ ಇಲ್ಲ, ಅಥವಾ ಬಂದ ಉತ್ತರ ಸರಿ ಇಲ್ಲ ಅಂದರೆ ವಿಮಾ ಓಂಬುಡ್ಸ್‌ಮನ್, ಅಂದರೆ ವಿಮೆಯ ಜಗಳ ತೀರ್ಮಾನಿಸುವ ಅಧಿಕಾರಿ. ಕರ್ನಾಟಕದವರಿಗೆ ಕಚೇರಿ ಬೆಂಗಳೂರಿನ ಜೆ.ಪಿ. ನಗರ 1ನೇ ಹಂತದ ಜೀವನ ಸೌಧದಲ್ಲಿದೆ. ಶುಲ್ಕ ಇಲ್ಲ, ವಕೀಲರು ಬೇಕಿಲ್ಲ, ಆನ್‌ಲೈನ್‌ನಲ್ಲೂ ದೂರು ಕೊಡಬಹುದು. 50 ಲಕ್ಷದವರೆಗಿನ ಜಗಳ ಅಲ್ಲಿ ತೀರ್ಮಾನವಾಗುತ್ತದೆ. ಕಂಪನಿಯ ಉತ್ತರ ಬಂದ ಒಂದು ವರ್ಷದೊಳಗೆ ದೂರು ಹೋಗಬೇಕು. ಓಂಬುಡ್ಸ್‌ಮನ್ ನಿಮ್ಮ ಪರವಾಗಿ ಆದೇಶ ಕೊಟ್ಟ ಮೇಲೂ ಕಂಪನಿ 30 ದಿನದಲ್ಲಿ ಹಣ ಕೊಡದಿದ್ದರೆ, ತಡವಾದ ಪ್ರತಿ ದಿನಕ್ಕೆ 5,000 ರೂಪಾಯಿ ದಂಡವನ್ನು ನಿಮಗೇ ಕೊಡಬೇಕು. ಆದೇಶದ ದಿನಾಂಕವನ್ನು ಗುರುತು ಹಾಕಿಟ್ಟುಕೊಂಡು, ತಡವಾದರೆ ಆ ದಂಡವನ್ನೂ ಬರೆದು ಕೇಳಿ.